ತಮ್ಮನಿಗೆ ಕ್ರೊಯೇಷಿಯಾದ ಪುಟ್ಟ ಜಿಲ್ಲೆಯಲ್ಲಿ ಕೆಲಸ ಸಿಕ್ಕಿದೆ: ನೆಲ ಹೇಗೆ, ಚಳಿ ಎಷ್ಟು, ಜನ ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಐಟಿಐ ಓದಿ ಆರು ವರ್ಷದಿಂದ ವೆಲ್ಡಿಂಗ್ ಕೆಲಸ ಮಾಡುತ್ತಿದ್ದಾನೆ. ಈಗ ಕ್ರೊಯೇಷಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಏಜೆಂಟ್ ತೋರಿಸಿದ್ದೆಲ್ಲ ನೀಲಿ ಸಮುದ್ರ, ಕೆಂಪು ಹೆಂಚಿನ ಮನೆ, ಹಾಯಿದೋಣಿಗಳ ಫೋಟೊ. ಮನೆಯಲ್ಲಿ ಎಲ್ಲರೂ ನಮ್ಮ ಕರಾವಳಿ ಥರ ಇರಬೇಕು ಅಂದುಕೊಂಡೆವು. ಮೊನ್ನೆ ಕಾಗದಪತ್ರ ಕೈಗೆ ಬಂತು. ಊರು ಕಾಕೋವೆಕ್, ಜಿಲ್ಲೆ ಮೆಡಿಮುರ್ಜೆ ಅಂತ ಇದೆ. ನಕ್ಷೆ ತೆಗೆದು ನೋಡಿದರೆ ಸಮುದ್ರ ಹತ್ತಿರದಲ್ಲೇ ಇಲ್ಲ. ದೇಶದ ಮೇಲ್ತುದಿಯಲ್ಲಿ, ಹಂಗೇರಿ ಗಡಿಗೆ ಅಂಟಿಕೊಂಡ ಒಂದು ಸಣ್ಣ ಚೂರು.

ತಮ್ಮ ಧೈರ್ಯವಾಗಿದ್ದಾನೆ. ಅಮ್ಮನಿಗೆ ನಿದ್ದೆ ಇಲ್ಲ. ಚಳಿ ಎಷ್ಟು, ಜನ ಎಂಥವರು, ಅನ್ನ ಸಿಗುತ್ತದಾ ಅಂತ ದಿನಾ ಕೇಳುತ್ತಾರೆ. ಅಲ್ಲಿಗೆ ಹೋದವರು, ಆ ಕಡೆ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಕೆಲಸದ ಷರತ್ತು ನಾವು ನೋಡಿಕೊಳ್ಳುತ್ತೇವೆ. ನನಗೆ ಆ ನೆಲದ ಬಗ್ಗೆ ತಿಳಿಯಬೇಕು.

ಪದಗಳ ಹಿಂದೆ

ಅಕ್ಕಾ, ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಅದು ಕಾಕೋವೆಕ್ ಅಲ್ಲ, ಚಾಕೋವೆತ್ಸ್. ಅವರ ಅಕ್ಷರಗಳಲ್ಲಿ ಸಿ ಬಂದರೆ 'ತ್ಸ'. ಅದರ ತಲೆ ಮೇಲೆ ಸಣ್ಣ ಕೊಕ್ಕೆ ಇದ್ದರೆ 'ಚ'. ಜಿಲ್ಲೆಯ ಹೆಸರು ಮೆಜಿಮೂರ್ಯೆ. ನಮ್ಮ ಲಿಪಿಯಲ್ಲಿ ಬರೆದರೆ ಎಷ್ಟು ಸಲೀಸು ನೋಡಿ. ತಮ್ಮನಿಗೆ ಇದೊಂದನ್ನು ಬಾಯಿಪಾಠ ಮಾಡಿಸಿ. ಬಸ್ ನಿಲ್ದಾಣದಲ್ಲಿ ಉಪಯೋಗಕ್ಕೆ ಬರುತ್ತದೆ.

ಡ್ರಾವಾ ದಂಡೆ

ನಾನು ಸ್ಲೊವೇನಿಯಾದ ಮಾರಿಬೋರ್‌ನಲ್ಲಿದ್ದೇನೆ. ನಮ್ಮೂರಿನ ನಡುವೆ ಹರಿಯುವ ಡ್ರಾವಾ ನದಿಯೇ ಕೆಳಗೆ ಹೋಗಿ ಮೆಜಿಮೂರ್ಯೆಯ ದಕ್ಷಿಣದ ಗಡಿ ಆಗುತ್ತದೆ. ಚಾಕೋವೆತ್ಸ್‌ಗೆ ಹತ್ತಾರು ಸಲ ಹೋಗಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಕ್ಷೆಯಲ್ಲಿ ಕ್ರೊಯೇಷಿಯಾ ಬಾಗಿದ ಕುಡುಗೋಲಿನ ಹಾಗೆ ಕಾಣುತ್ತದೆ. ಅದರ ಮೇಲ್ಗಡೆ ಅಂಚಿನಲ್ಲಿ ಒಂದು ಸಣ್ಣ ಮೂಲೆ ಇದೆಯಲ್ಲ, ಅದೇ ಈ ಜಿಲ್ಲೆ. ಉತ್ತರಕ್ಕೆ ಮೂರಾ ನದಿ, ದಕ್ಷಿಣಕ್ಕೆ ಡ್ರಾವಾ. ಎರಡೂ ಆಲ್ಪ್ಸ್ ಬೆಟ್ಟಗಳಿಂದ ಬರುತ್ತವೆ. ಪೂರ್ವದ ತುದಿಯಲ್ಲಿ, ಲೆಗ್ರಾದ್ ಎಂಬ ಊರಿನ ಹತ್ತಿರ ಕೂಡುತ್ತವೆ. ಆಮೇಲೆ ಡ್ರಾವಾ ಹೆಸರಲ್ಲೇ ಹರಿದು ಡ್ಯಾನ್ಯೂಬ್ ಸೇರುತ್ತವೆ. ಇಡೀ ಜಿಲ್ಲೆ 729 ಚದರ ಕಿಲೋಮೀಟರ್. ಜಾಗ್ರೆಬ್ ನಗರವನ್ನು ಬಿಟ್ಟರೆ ಕ್ರೊಯೇಷಿಯಾದ ಜಿಲ್ಲೆಗಳಲ್ಲಿ ಇದೇ ಅತಿ ಚಿಕ್ಕದು. ಒಂದು ತುದಿಯಿಂದ ಇನ್ನೊಂದು ತುದಿಗೆ ಕಾರಿನಲ್ಲಿ ಒಂದು ಗಂಟೆ ಸಾಕು.

ಸಮುದ್ರದ ಆಸೆ ಬಿಡಲಿ. ಹತ್ತಿರದ ಸಮುದ್ರಕ್ಕೆ ಹೆದ್ದಾರಿಯಲ್ಲಿ ಹೋದರೂ ಮೂರು ಗಂಟೆ ಹತ್ತಿರ ಬೇಕು. ಆದರೆ ರಾಜಧಾನಿ ಜಾಗ್ರೆಬ್ ಸುಮಾರು ನೂರು ಕಿಲೋಮೀಟರ್ ಅಷ್ಟೆ. ಆಸ್ಟ್ರಿಯಾ, ಹಂಗೇರಿ, ಸ್ಲೊವೇನಿಯಾ ಮೂರೂ ಬಗಲಲ್ಲೇ ಇವೆ. ಊರುಗಳು ಅಚ್ಚುಕಟ್ಟು. ರಸ್ತೆ ಬದಿಯ ಸಾಲುಮನೆ, ಹಿತ್ತಲಲ್ಲಿ ತರಕಾರಿ, ಆಚೆ ಜೋಳದ ಹೊಲ. ನನಗಂತೂ ಸಮುದ್ರದ ಕಡೆಗಿಂತ ಇದೇ ಇಷ್ಟ.

ಬಿಸಿಲೂರು

ಎರಡು ನದಿ ನಡುವಿನ ನಾಡು ಅಂದಿರಲ್ಲ, ರಾಯಚೂರಿನವನಿಗೆ ಕಿವಿ ನೆಟ್ಟಗಾಯಿತು! ಕೃಷ್ಣೆ–ತುಂಗಭದ್ರೆ ನಡುವಿನ ನಮ್ಮ ಸೀಮೆಗೆ ಶಾಸನಗಳಲ್ಲಿ 'ಎಡೆದೊರೆ ನಾಡು' ಅಂತಲೇ ಹೆಸರು. ಎಡೆ, ತೊರೆ. ತೊರೆಗಳ ನಡುವೆ. ಇದೂ ಹಾಗೇ ಹುಟ್ಟಿದ ಹೆಸರಾ?

ಪದಗಳ ಹಿಂದೆ

ಹೌದು ಸರ್, ಹೆಚ್ಚೂಕಡಿಮೆ ಅದೇ. ಅವರ ಮಾತಿನಲ್ಲಿ 'ಮೆಜು' ಅಂದರೆ ನಡುವೆ. ಅದಕ್ಕೆ ಮೂರಾ ಸೇರಿದೆ. ಹಂಗೇರಿಯವರು 'ಮುರಾಕೊಜ್' ಎನ್ನುತ್ತಾರೆ. ಅಲ್ಲೂ 'ಕೊಜ್' ಅಂದರೆ ನಡುವಿನ ಜಾಗ. ಜರ್ಮನ್ ಮಾತಿನವರು 'ಮುರಿನ್ಸೆಲ್', ಅಂದರೆ ಮೂರಾ ದ್ವೀಪ ಎಂದರು. ಮೂರು ಭಾಷೆಯವರ ಕಣ್ಣಿಗೂ ಮೊದಲು ಬಿದ್ದದ್ದು ನೀರೇ.

ಭೂಗೋಳ ಮೇಷ್ಟ್ರು

ದ್ವೀಪ ಎನ್ನುವುದು ಪೂರ್ತಿ ಸರಿಯಲ್ಲ. ಪಶ್ಚಿಮದಲ್ಲಿ ನದಿ ಇಲ್ಲ, ಸ್ಲೊವೇನಿಯಾ ಜೊತೆ ನೆಲದ ಗಡಿ ಇದೆ. ಆ ಕಡೆಯೇ ಗುಡ್ಡಗಳು. ಅಲ್ಲಿನವರು ತಮ್ಮ ನಾಡನ್ನು ಎರಡು ಪಾಲು ಮಾಡಿ ಮಾತಾಡುತ್ತಾರೆ. ಪಶ್ಚಿಮದ್ದು ಮೇಲಿನ ಮೆಜಿಮೂರ್ಯೆ. ದ್ರಾಕ್ಷಿ ತೋಟ, ಏರುಪೇರು ದಿಣ್ಣೆ. ಪೂರ್ವದ್ದು ಕೆಳಗಿನ ಮೆಜಿಮೂರ್ಯೆ. ಚಪ್ಪಟೆ ಬಯಲು, ನದಿ ತಂದು ಹಾಸಿದ ಮಣ್ಣು, ಅದರ ಕೆಳಗೆ ಜಲ್ಲಿ.

ಗುಡ್ಡ ಅಂದ ತಕ್ಷಣ ಮುಳ್ಳಯ್ಯನಗಿರಿ ನೆನೆಸಿಕೊಳ್ಳಬೇಡಿ. ಜಿಲ್ಲೆಯ ಅತಿ ಎತ್ತರದ ಜಾಗ ಮೊಹೊಕೋಸ್, 344 ಮೀಟರ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ! ಆದರೂ ಸ್ಟ್ರಿಗೊವಾ ಹತ್ತಿರದ ಮಾಜೆರ್ಕಿನ್ ಬ್ರೆಗ್ ಎಂಬ ದಿಬ್ಬದ ಮೇಲೆ ನಿಂತರೆ ಒಂದೇ ನೋಟಕ್ಕೆ ಬೇರೆ ದೇಶಗಳ ಬೆಟ್ಟಗಳೂ ಕಾಣುತ್ತವೆ. ಸುತ್ತ ತಗ್ಗು ಇರುವಾಗ 344 ಮೀಟರ್ ಕೂಡ ದೊಡ್ಡದೇ.

ಇನ್ನೊಂದು ವಿಷಯ. ಈ ನದಿಗಳು ಒಂದೇ ಪಾತ್ರದಲ್ಲಿ ಕೂತವಲ್ಲ. ಹಿಂದೆ ಲೆಗ್ರಾದ್ ಮೆಜಿಮೂರ್ಯೆಯ ಕಡೆಯೇ ಇತ್ತು. 18ನೇ ಶತಮಾನದ ಸುಮಾರಿಗೆ ಡ್ರಾವಾ ದಾರಿ ಬದಲಿಸಿತು. ಊರು ನದಿಯ ಆಚೆ ದಡಕ್ಕೆ ಹೋಯಿತು. ಈಗ ಅದು ಪಕ್ಕದ ಜಿಲ್ಲೆಯದು. ಮೂರಾ ಕೂಡ ಹೀಗೇ ಹೊರಳಾಡಿದೆ. ಹಾಗಾಗಿ ಗಡಿರೇಖೆ ಕೆಲವು ಕಡೆ ಹಳೆಯ ಪಾತ್ರದಲ್ಲೇ ಉಳಿದಿದೆ, ನೀರು ಮಾತ್ರ ಬೇರೆ ಕಡೆ ಹರಿಯುತ್ತಿದೆ.

ನಕ್ಷೆಪ್ರಿಯ

729 ಚದರ ಕಿಮೀ ಅಂದರೆ ನಮ್ಮ ಹಳೆಯ ಬಿಬಿಎಂಪಿ ವ್ಯಾಪ್ತಿಯಷ್ಟು. ಒಂದು ಬೆಂಗಳೂರಿನಷ್ಟು ಜಾಗಕ್ಕೆ ಒಂದು ಜಿಲ್ಲೆ. ಅದರೊಳಗೆ 3 ಪಟ್ಟಣ, 22 ಪಂಚಾಯಿತಿ. ಪಟ್ಟಣಗಳು ಚಾಕೋವೆತ್ಸ್, ಪ್ರೆಲೋಗ್, ಮುರ್ಸ್ಕೊ ಸ್ರೆದಿಶ್ಚೆ.

ಕೊಡಗಿನ ಕಾಫಿ

ಜನ ಎಷ್ಟಿದ್ದಾರೆ?

ನಕ್ಷೆಪ್ರಿಯ

2021ರ ಜನಗಣತಿಯಲ್ಲಿ 1,05,250. ಚದರ ಕಿಲೋಮೀಟರ್‌ಗೆ 144. ಜಾಗ್ರೆಬ್ ನಗರ ಬಿಟ್ಟರೆ ದೇಶದಲ್ಲೇ ಅತಿ ದಟ್ಟಣೆಯ ಜಿಲ್ಲೆ.

ಕೊಡಗಿನ ಕಾಫಿ

ಅಬ್ಬಾ! 2011ರ ಲೆಕ್ಕದಲ್ಲಿ ನಮ್ಮ ಕೊಡಗಿನ ದಟ್ಟಣೆ 135. ಕರ್ನಾಟಕದಲ್ಲೇ ಕಡಿಮೆ ನಮ್ಮದು. ಅಂದರೆ ಅವರ ಅತಿ ದಟ್ಟ ಜಿಲ್ಲೆ ನಮ್ಮ ಅತಿ ವಿರಳ ಜಿಲ್ಲೆಗೆ ಸಮ. ಅಕ್ಕಾ, ತಮ್ಮನಿಗೆ ಅಲ್ಲಿ ಮೊದಲು ತಟ್ಟುವುದು ಚಳಿ ಅಲ್ಲ, ಮೌನ. ನಾನು ಮಡಿಕೇರಿಯಿಂದ ಬೆಂಗಳೂರಿಗೆ ಬಂದಾಗ ಗದ್ದಲ ತಡೆಯಲು ಆಗಲಿಲ್ಲ. ಅವನಿಗೆ ಅದರ ತಿರುಗುಮುರುಗು.

ಭೂಗೋಳ ಮೇಷ್ಟ್ರು

ಹೋಲಿಕೆ ಚೆನ್ನಾಗಿದೆ, ಆದರೆ ಒಂದು ತಕರಾರು. ಕೊಡಗಿನಲ್ಲಿ ಅರ್ಧಕ್ಕರ್ಧ ಕಾಡು, ತೋಟ. ಮನೆಗಳು ದೂರ ದೂರ. ಮೆಜಿಮೂರ್ಯೆಯಲ್ಲಿ ಹಳ್ಳಿಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಿವೆ. ಒಂದು ಊರಿನ ಇಗರ್ಜಿ ಗೋಪುರದ ಕೆಳಗೆ ನಿಂತರೆ ಮುಂದಿನ ಊರಿನ ಗೋಪುರ ಕಾಣುತ್ತದೆ. ನಿರ್ಜನ ಪ್ರದೇಶ ಅಂದುಕೊಳ್ಳಬೇಡಿ.

ಡ್ರಾವಾ ದಂಡೆ

ಇಬ್ಬರದೂ ನಿಜ. ಆದರೆ ಭಾನುವಾರ ಮಧ್ಯಾಹ್ನ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ಆ ಹೊತ್ತು ನಮ್ಮ ಹುಡುಗರಿಗೆ ಕಷ್ಟ ಆಗುತ್ತದೆ. ಇನ್ನು 2011ರಲ್ಲಿ ಜನಸಂಖ್ಯೆ 1,13,804 ಇತ್ತು. ಹತ್ತು ವರ್ಷದಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಇಳಿದಿದೆ. 2013ರಲ್ಲಿ ಕ್ರೊಯೇಷಿಯಾ ಯುರೋಪಿಯನ್ ಒಕ್ಕೂಟ ಸೇರಿತು. ಆಮೇಲೆ ದುಡಿಯುವ ವಯಸ್ಸಿನವರು ಆಸ್ಟ್ರಿಯಾ, ಜರ್ಮನಿ ಕಡೆ ಹೋದರು. ಮನೆಯಲ್ಲೇ ಉಳಿದು ದಿನಾ ಗಡಿ ದಾಟಿ ಕೆಲಸಕ್ಕೆ ಹೋಗಿ ಬರುವವರೂ ಬಹಳ. ಆ ಖಾಲಿ ಜಾಗಕ್ಕೇ ಈಗ ನೇಪಾಳ, ಭಾರತ, ಫಿಲಿಪೀನ್ಸ್‌ನವರು ಬರುತ್ತಿದ್ದಾರೆ. ಲೋಹದ ಕೆಲಸ, ಬಟ್ಟೆ, ಚಪ್ಪಲಿ–ಬೂಟು, ಕಟ್ಟಡ ಕೆಲಸ ಆ ಜಿಲ್ಲೆಯ ಹಳೆಯ ಕಸುಬುಗಳು. ವೆಲ್ಡರ್‌ಗೆ ಬೇಡಿಕೆ ಇರುವುದು ಸುಳ್ಳಲ್ಲ.

ಮಂಜಿನ ಮನೆ

ಚಳಿ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಕಾ, ಕ್ರೊಯೇಷಿಯಾದ ಅತಿ ಕಡಿಮೆ ಉಷ್ಣತೆಯ ದಾಖಲೆ ಇರುವುದೇ ಚಾಕೋವೆತ್ಸ್ ಹೆಸರಲ್ಲಿ. ಮೈನಸ್ 35.5 ಡಿಗ್ರಿ!

ತುಂಗಾತೀರ

ಅಯ್ಯೋ, ಇದನ್ನು ಅಮ್ಮನಿಗೆ ಹೇಗೆ ಹೇಳುವುದು?

ಭೂಗೋಳ ಮೇಷ್ಟ್ರು

ಹೇಳಲೇಬೇಡಿ ತಾಯಿ. ಮಂಜಿನ ಮನೆಯವರು ವರ್ಷ ಬಿಟ್ಟುಬಿಟ್ಟರು. ಅದು 1929ರ ಫೆಬ್ರುವರಿ 3. ಆ ಚಳಿಗಾಲ ಯುರೋಪಿಗೆ ಯುರೋಪೇ ಹೆಪ್ಪುಗಟ್ಟಿತ್ತು. ಅದಾಗಿ ಸುಮಾರು ನೂರು ವರ್ಷ. ದಾಖಲೆ ಬೇರೆ, ದಿನನಿತ್ಯದ ಹವೆ ಬೇರೆ.

ಈಗಿನ ಲೆಕ್ಕ ಹೀಗಿದೆ. ಜನವರಿಯ ಸರಾಸರಿ ಸೊನ್ನೆ ಡಿಗ್ರಿಯ ಆಸುಪಾಸು. ಕೆಲವು ರಾತ್ರಿ ಮೈನಸ್ ಹತ್ತಕ್ಕೆ ಇಳಿಯಬಹುದು. ಜುಲೈ ಸರಾಸರಿ 20ರಿಂದ 22. ಮಧ್ಯಾಹ್ನ 30 ದಾಟುವುದು ಮಾಮೂಲು. ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ 800ರಿಂದ 900 ಮಿಲಿಮೀಟರ್. ಅಂದರೆ ಬೆಂಗಳೂರಿಗಿಂತ ಸ್ವಲ್ಪ ಕಡಿಮೆ. ಆದರೆ ನಮ್ಮ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ. ಹನ್ನೆರಡು ತಿಂಗಳೂ ಚೂರು ಚೂರು ಬೀಳುತ್ತದೆ. ಬೇಸಿಗೆಯಲ್ಲಿ ಗುಡುಗುಮಳೆ ಬಂದು ಮೊತ್ತ ಸ್ವಲ್ಪ ಜಾಸ್ತಿ.

ಸಮುದ್ರ ಅದೇ ದೇಶದಲ್ಲಿದ್ದರೂ ಅದರ ಬಿಸುಪು ಇಲ್ಲಿಗೆ ಮುಟ್ಟುವುದಿಲ್ಲ. ನಡುವೆ ದಿನಾರಿಕ್ ಬೆಟ್ಟಸಾಲು ಗೋಡೆ ಕಟ್ಟಿದ ಹಾಗಿದೆ. ಪೂರ್ವಕ್ಕೆ ಹಂಗೇರಿಯ ಬಯಲು ಬಾಗಿಲು ತೆರೆದಿಟ್ಟ ಹಾಗೆ. ಚಳಿಗಾಳಿ ಆ ಕಡೆಯಿಂದ ಸಲೀಸಾಗಿ ಬರುತ್ತದೆ. ಘಟ್ಟದ ಆಚೆ ಮಂಗಳೂರು, ಈಚೆ ಹಾಸನ. ಎರಡಕ್ಕೂ ಒಂದೇ ಹವೆ ಇದೆಯಾ? ಹಾಗೆ.

ಡ್ರಾವಾ ದಂಡೆ

ಮೇಷ್ಟ್ರು ಅಂಕಿ ಕೊಟ್ಟರು, ನಾನು ಮೈಮೇಲಿನ ಅನುಭವ ಹೇಳುತ್ತೇನೆ. ಒಣ ಮೈನಸ್ ಐದು ಏನೂ ಅಲ್ಲ. ಸರಿಯಾದ ಬಟ್ಟೆ ಇದ್ದರೆ ಆರಾಮ. ಕಾಡುವುದು ನವೆಂಬರ್, ಡಿಸೆಂಬರ್‌ನ ಮಂಜು. ಎರಡು ನದಿಯ ತೇವ, ತಗ್ಗು ಬಯಲು. ಗಾಳಿ ಇಲ್ಲದ ದಿನ ಮಂಜು ಕೂತರೆ ಏಳುವುದೇ ಇಲ್ಲ. ನಾಲ್ಕೈದು ದಿನ ಸೂರ್ಯ ಕಾಣುವುದಿಲ್ಲ. ಡಿಸೆಂಬರ್‌ನಲ್ಲಿ ಹಗಲು ಎಂಟೂವರೆ ಗಂಟೆ. ಸಂಜೆ ನಾಲ್ಕು ದಾಟುತ್ತಿದ್ದಂತೆ ಹೊತ್ತು ಮುಳುಗುತ್ತದೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಬರಬೇಕು. ನನ್ನ ಮೊದಲ ವರ್ಷ ಈ ಬೂದು ಬಣ್ಣವೇ ನನ್ನನ್ನು ಕುಗ್ಗಿಸಿತು. ದಿನಾ ಮನೆಗೆ ವಿಡಿಯೊ ಕರೆ ಮಾಡುತ್ತಿದ್ದೆ, ಅಲ್ಲಿನ ಬಿಸಿಲು ನೋಡುವುದಕ್ಕೆ.

ಜೂನ್‌ನಲ್ಲಿ ಇದರ ಬಡ್ಡಿ ಸಮೇತ ವಾಪಸ್ ಸಿಗುತ್ತದೆ. ರಾತ್ರಿ ಒಂಬತ್ತಕ್ಕೂ ಬೆಳಕು.

ಒಂದು ಸಲಹೆ. ಊರಲ್ಲೇ ದಪ್ಪ ಜಾಕೆಟ್ ಕೊಳ್ಳಲು ದುಡ್ಡು ಸುರಿಯಬೇಡಿ. ಒಳಗೆ ಹಾಕುವ ಥರ್ಮಲ್ ಎರಡು ಜೊತೆ, ಉಣ್ಣೆ ಕಾಲುಚೀಲ ಸಾಕು. ಜಾಕೆಟ್, ಬೂಟು ಅಲ್ಲೇ ಒಳ್ಳೆಯವು ಸಿಗುತ್ತವೆ.

ತುಂಗಾತೀರ

ತುಂಬಾ ಥ್ಯಾಂಕ್ಸ್ ಅಣ್ಣ. ತೀರ್ಥಹಳ್ಳಿ ಮಳೆಗಾಲ ಕಂಡವನಿಗೆ ಬಿಸಿಲಿಲ್ಲದ ದಿನ ಹೊಸದಲ್ಲ. ಆದರೆ ಮಳೆಗಾಲದಲ್ಲಿ ಒಲೆ ಮುಂದೆ ಮನೆಮಂದಿ ಎಲ್ಲ ಇರುತ್ತೇವೆ. ಅಲ್ಲಿ ಒಬ್ಬನೇ. ಪ್ರವಾಹದ ಭಯ ಇದೆಯಾ? ನಮಗೆ ತುಂಗೆ ಉಕ್ಕುವುದು ಗೊತ್ತು, ಅದಕ್ಕೆ ಕೇಳಿದೆ.

ಡ್ರಾವಾ ದಂಡೆ

2023ರ ಆಗಸ್ಟ್‌ನಲ್ಲಿ ಸ್ಲೊವೇನಿಯಾದಲ್ಲಿ ಭಾರಿ ಮಳೆ ಬಂದು ಮೂರಾ, ಡ್ರಾವಾ ಎರಡೂ ಉಕ್ಕಿದವು. ನಮ್ಮ ಕಡೆ ಮೂರಾದ ಒಡ್ಡು ಒಂದು ಕಡೆ ಒಡೆಯಿತು. ಕ್ರೊಯೇಷಿಯಾದವರು ರಾತ್ರಿ ಹಗಲು ಮರಳು ಮೂಟೆ ಪೇರಿಸಿದರು. ಡ್ರಾವಾಕ್ಕೆ ಆ ಭಾಗದಲ್ಲಿ ಮೂರು ಜಲವಿದ್ಯುತ್ ಕೇಂದ್ರಗಳಿವೆ. ವರಾಜ್ದಿನ್ 1975ರದ್ದು, ಚಾಕೋವೆತ್ಸ್ 1982ರದ್ದು, ಡುಬ್ರಾವಾ 1989ರದ್ದು. ಅವುಗಳ ಕಟ್ಟೆಗಳಿಂದ ದೊಡ್ಡ ದೊಡ್ಡ ಕೆರೆಗಳೇ ಆಗಿವೆ. ಮೂರಾ ಮಾತ್ರ ಅಲ್ಲಿ ಕಟ್ಟೆ ಇಲ್ಲದೆ ಹರಿಯುತ್ತದೆ. ಅದರ ದಡದ ಕಾಡು ನೋಡಬೇಕು, ಅಷ್ಟು ಚೆಂದ. ಎರಡೂ ನದಿಯ ತೀರ ಈಗ ಐದು ದೇಶ ಸೇರಿದ ಯುನೆಸ್ಕೊ ಜೀವಗೋಳ ಮೀಸಲಿನ ಭಾಗ. ಚಾಕೋವೆತ್ಸ್ ಪಟ್ಟಣ ನದಿಯಿಂದ ಸಾಕಷ್ಟು ದೂರ. ಭಯ ಬೇಡ.

ಹಾಸನದ ಆಲೂ

ಆ ಮಣ್ಣಿನಲ್ಲಿ ಏನು ಬೆಳೆಯುತ್ತಾರೆ?

ಭೂಗೋಳ ಮೇಷ್ಟ್ರು

ನಿಮ್ಮದೇ ಬೆಳೆ! ಬೆಲಿತ್ಸಾ ಅಂತ ಒಂದು ಊರಿದೆ. ಆಲೂಗಡ್ಡೆಗೆ ಇಡೀ ಕ್ರೊಯೇಷಿಯಾದಲ್ಲಿ ಹೆಸರುವಾಸಿ.

ಹಾಸನದ ಆಲೂ

ಹಾಗಾದರೆ ಅವರಿಗೆ ಅದೃಷ್ಟ ಇದೆ. ನಾವು ಮುಂಗಾರಲ್ಲಿ ಬಿತ್ತಿ ಅಂಗಮಾರಿಗೆ ಹೆದರುತ್ತಾ ಕೂರುತ್ತೇವೆ. ಬಿತ್ತನೆ ಗೆಡ್ಡೆ ಪಂಜಾಬಿನಿಂದ ಬರಬೇಕು. ಅವರು ಚಳಿ ಮುಗಿದ ಮೇಲೆ ಹಾಕಿ ಬೇಸಿಗೆಯಲ್ಲಿ ಅಗೆಯುತ್ತಾರೆ ಅಲ್ವಾ? ಹಗಲು ಉದ್ದ, ರಾತ್ರಿ ತಂಪು. ಗೆಡ್ಡೆ ಕಟ್ಟುವುದಕ್ಕೆ ಅದಕ್ಕಿಂತ ಏನು ಬೇಕು.

ಅಡುಗೆಮನೆ

ಅಮ್ಮನ ಮೂರನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಅನ್ನ ಸಿಗುತ್ತದೆ. ಅಕ್ಕಿ ಎಲ್ಲ ಅಂಗಡಿಯಲ್ಲೂ ಇದೆ. ತಮ್ಮ ಸೋನಾ ಮಸೂರಿ ಬೇಕು ಅನ್ನದಿದ್ದರೆ ಸಾಕು.

ಆ ಊರಿನ ಊಟದಲ್ಲಿ ಹಂದಿಮಾಂಸ ಜಾಸ್ತಿ. ಬೇಯಿಸಿದ ಮಾಂಸವನ್ನು ಮರದ ಪೀಪಾಯಿಯಲ್ಲಿ ಹಂದಿಕೊಬ್ಬಿನೊಳಗೆ ಮುಚ್ಚಿಟ್ಟು ತಿಂಗಳುಗಟ್ಟಲೆ ತಿನ್ನುತ್ತಿದ್ದರು. ಫ್ರಿಜ್ ಇಲ್ಲದ ಕಾಲದ ಉಪಾಯ. ತಿನ್ನದವರು 'ತಿಬ್ಲಿತ್ಸಾ' ಎಂಬ ಪದ ನೆನಪಿಟ್ಟುಕೊಂಡರೆ ಒಳ್ಳೆಯದು. ಆದರೆ ಹಾಲಿನದೂ ಬೇಕಾದಷ್ಟಿದೆ. ತುರೋಶ್ ಅಂತ ಒಂದು ಗಿಣ್ಣು. ಗೋಪುರದ ಆಕಾರ, ಒಳಗೆ ಕೆಂಪು ಮೆಣಸಿನಪುಡಿ. ನಮ್ಮ ನಾಲಿಗೆಗೆ ಹಿಡಿಸುತ್ತದೆ. ಕುಂಬಳದ ಬೀಜ ಹುರಿದು ತೆಗೆದ ಕಡು ಹಸಿರು ಎಣ್ಣೆ ಇದೆ. ಅದರಲ್ಲಿ ಒಗ್ಗರಣೆ ಹಾಕಬಾರದು, ಕಹಿಯಾಗುತ್ತದೆ. ಕೋಸಂಬರಿಗೆ ಮೇಲಿಂದ ಹಾಕಿ ನೋಡಿ, ಆಹಾ!

ಇನ್ನು ಗಿಬಾನಿತ್ಸಾ. ತೆಳ್ಳಗಿನ ಹಿಟ್ಟಿನ ಪದರಗಳ ನಡುವೆ ಗಸಗಸೆ, ಮೊಸರುಗಿಣ್ಣು, ಅಕ್ರೋಟು, ಸೇಬು. ಗಸಗಸೆ ಪಾಯಸ ಕುಡಿದು ಬೆಳೆದ ನಮಗೆ ಪರದೇಶದ ತಿಂಡಿ ಅನ್ನಿಸುವುದೇ ಇಲ್ಲ.

ತುಂಗಾತೀರ

ಗಸಗಸೆ ಅಂದಿದ್ದೇ ತಡ, ಅಮ್ಮನ ಮುಖ ಅರಳಿತು. ನಿಜವಾಗಿ ಹೇಳುತ್ತಿದ್ದೇನೆ.

ಸಂಜೆ ಮಲ್ಲಿಗೆ

ಜನ ಎಂಥವರು ಎನ್ನುವುದು ಹಾಗೇ ಉಳಿಯಿತು. ಅಲ್ಲಿ ರೋಮಾ ಜನ ತುಂಬಾ ಇದ್ದಾರಂತೆ. ಅವರ ಮೂಲ ಭಾರತ. ನಮ್ಮ ಭಾಷೆ ಅವರಿಗೆ ಅರ್ಧ ಅರ್ಥ ಆಗುತ್ತದೆ ಅಂತ ಕೇಳಿದ್ದೆ. ತಮ್ಮನಿಗೆ ಹಿಂದಿ ಬಂದರೆ ಅನುಕೂಲ ಅಲ್ವಾ?

ಪದಗಳ ಹಿಂದೆ

ಮೇಡಂ, ಇದು ಹಾಗಲ್ಲ. ರೋಮಾನಿ ಭಾಷೆಯ ಬೇರು ಉತ್ತರ ಭಾರತದಲ್ಲಿದೆ, ಅದು ನಿಜ. ಅದರಲ್ಲಿ ನೀರಿಗೆ 'ಪಾನಿ' ಎಂದೇ ಅನ್ನುತ್ತಾರೆ. ಆದರೆ ಮೆಜಿಮೂರ್ಯೆಯ ರೋಮಾ ಜನ ಬಹುತೇಕ ಬಯಾಶ್ ಗುಂಪಿನವರು. ಅವರು ಮಾತಾಡುವುದು ರೊಮೇನಿಯನ್ ಭಾಷೆಯ ಹಳೆಯ ಒಂದು ರೂಪ. ಅವರ ಹಿರಿಯರು ಈಗಿನ ರೊಮೇನಿಯಾದ ಸೀಮೆಯಲ್ಲಿ ತಲೆತಲಾಂತರ ಗುಲಾಮರಾಗಿದ್ದರು. 1850ರ ದಶಕದಲ್ಲಿ ಗುಲಾಮಗಿರಿ ರದ್ದಾಯಿತು. ಆಮೇಲೆ ಬಹಳ ಜನ ಪಶ್ಚಿಮಕ್ಕೆ ಬಂದರು. ಮರದ ತೊಟ್ಟಿ, ಚಮಚ ಕೆತ್ತುವುದು ಅವರ ಕಸುಬಾಗಿತ್ತು. ಹಿಂದಿ ಅವರಿಗೆ ಗ್ರೀಕ್ ಇದ್ದ ಹಾಗೆ.

ನಕ್ಷೆಪ್ರಿಯ

2011ರ ಗಣತಿಯಲ್ಲಿ ರೋಮಾ ಎಂದು ಬರೆಸಿಕೊಂಡವರು 5,107. ಉಳಿದವರು ಬಹುತೇಕ ಕ್ರೊಯೇಟರು, ಕ್ಯಾಥೊಲಿಕರು.

ಸಂಜೆ ಮಲ್ಲಿಗೆ

ತಿದ್ದಿದ್ದಕ್ಕೆ ಧನ್ಯವಾದ. ಇಷ್ಟು ಗೊತ್ತಿರಲಿಲ್ಲ. ಅವರ ಸ್ಥಿತಿ ಹೇಗಿದೆ?

ಡ್ರಾವಾ ದಂಡೆ

ಇದನ್ನು ಮುಚ್ಚಿಡಬಾರದು. ರೋಮಾ ಕೇರಿಗಳು ಊರಾಚೆ ಇವೆ. ಶಾಲೆಗಳಲ್ಲಿ ಅವರ ಮಕ್ಕಳನ್ನು ಬೇರೆ ತರಗತಿಯಲ್ಲಿ ಕೂರಿಸಿದ ಪ್ರಕರಣ ಈ ಜಿಲ್ಲೆಯಿಂದಲೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. ಭಾಷೆ ಬಾರದ್ದಕ್ಕೆ ಹೀಗೆ ಮಾಡಿದೆವು ಎಂದು ಸರ್ಕಾರ ವಾದಿಸಿತು. 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದು ತಾರತಮ್ಯ ಎಂದು ತೀರ್ಪು ಕೊಟ್ಟಿತು. 9 ನ್ಯಾಯಾಧೀಶರು ಹೌದು, 8 ಜನ ಅಲ್ಲ. ಅಷ್ಟು ಕೂದಲೆಳೆಯ ಅಂತರ.

ಬಿಸಿಲೂರು

ಊರಾಚೆ ಕೇರಿ, ಬೇರೆ ಸಾಲು. ಇದನ್ನು ಓದಿ ಯಾವ ಕನ್ನಡಿಗನೂ ಆಶ್ಚರ್ಯ ಪಡಲಾರ. ಸಂಕಟ ಪಡಬೇಕು ಅಷ್ಟೆ.

ಕೊಡಗಿನ ಕಾಫಿ

ಹೊರಗಿನಿಂದ ಹೋದ ನಮ್ಮ ಹುಡುಗರ ಜೊತೆ ಹೇಗಿರುತ್ತಾರೆ?

ಡ್ರಾವಾ ದಂಡೆ

ಮೊದಲು ಬಿಗು. ನಗುವುದಿಲ್ಲ, ತಾವಾಗಿ ಮಾತಾಡಿಸುವುದಿಲ್ಲ. ಅದನ್ನು ತಿರಸ್ಕಾರ ಅಂದುಕೊಳ್ಳಬಾರದು. ನನಗೆ ಅಲ್ಲಿ ಪರಿಚಯವಾದ ಒಬ್ಬ ಅಜ್ಜ ಆರು ತಿಂಗಳು ಬರೀ ತಲೆ ಆಡಿಸುತ್ತಿದ್ದರು. ಏಳನೇ ತಿಂಗಳು ಗೇಟಿನ ಬಳಿ ನಿಲ್ಲಿಸಿ ಒಂದು ಚೀಲ ಆಲೂಗಡ್ಡೆ ಕೊಟ್ಟರು. ಆಮೇಲೆ ಯಾವಾಗ ಹೋದರೂ ಬರಿಗೈಯಲ್ಲಿ ಕಳಿಸಿಲ್ಲ. ದುಡಿಮೆಗೆ ಅಲ್ಲಿ ಬಹಳ ಮರ್ಯಾದೆ. ಹೊತ್ತಿಗೆ ಸರಿಯಾಗಿ ಬಂದು ಕೆಲಸ ಅಚ್ಚುಕಟ್ಟಾಗಿ ಮಾಡುವವನನ್ನು ಒಪ್ಪಿಕೊಳ್ಳುತ್ತಾರೆ. ಆದರೆ ಎಲ್ಲರೂ ಹಾಗೇ ಅಂತ ಆಣೆ ಮಾಡಲಾರೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿದ ದಿನಗಳೂ ಇವೆ.

ಪದಗಳ ಹಿಂದೆ

ಭಾಷೆ ಬಗ್ಗೆ ಒಂದು ಮಾತು. ಕ್ರೊಯೇಷಿಯನ್ ಮಾತಿನ ಮೂರು ದೊಡ್ಡ ಬಗೆಗಳಿಗೆ ಹೆಸರು ಬಂದಿರುವುದು 'ಏನು' ಎಂಬ ಪದದಿಂದ. 'ಷ್ಟೊ' ಅನ್ನುವವರದು ಷ್ಟೊಕಾವಿಯನ್, ಅದೇ ಪುಸ್ತಕದ ಭಾಷೆ. ಕರಾವಳಿಯ ಕಡೆ 'ಚಾ'. ಮೆಜಿಮೂರ್ಯೆಯಲ್ಲಿ 'ಕಾಯ್'. ನಮ್ಮಲ್ಲಿ ಏನು, ಎಂತ, ಎಂಥದು ಕೇಳಿದ ಕೂಡಲೇ ಯಾವ ಸೀಮೆ ಅಂತ ಗೊತ್ತಾಗುವುದಿಲ್ಲವೇ! ತಮ್ಮ ಆ್ಯಪ್‌ನಲ್ಲಿ ಕಲಿಯುವುದು ಷ್ಟೊ. ಕಾರ್ಖಾನೆಯಲ್ಲಿ ಕಿವಿಗೆ ಬೀಳುವುದು ಕಾಯ್. ಮೊದಲೇ ತಿಳಿದಿದ್ದರೆ ಗಾಬರಿ ಆಗುವುದಿಲ್ಲ.

ಬಿಸಿಲೂರು

ಎರಡು ನದಿ ನಡುವಿನ ಫಲವತ್ತಾದ ನೆಲ ಅಂದಮೇಲೆ ಜಗಳ ಇರಲೇಬೇಕು. ನಮ್ಮ ಎಡೆದೊರೆಗಾಗಿ ವಿಜಯನಗರದವರೂ ಬಹಮನಿಯವರೂ ಇನ್ನೂರು ವರ್ಷ ಹೊಡೆದಾಡಿದರು. ಅಲ್ಲಿ?

ಭೂಗೋಳ ಮೇಷ್ಟ್ರು

ಅಲ್ಲೂ ಅದೇ. 1546ರಲ್ಲಿ ಈ ಸೀಮೆ ನಿಕೊಲಾ ಷುಬಿಚ್ ಜ್ರಿನ್‌ಸ್ಕಿ ಎಂಬ ದಂಡನಾಯಕನ ಕೈಗೆ ಬಂತು. ಚಾಕೋವೆತ್ಸ್ ಕೋಟೆ ಅವನ ಮನೆತನದ್ದು. ಈಗ ಅದರಲ್ಲಿ ವಸ್ತುಸಂಗ್ರಹಾಲಯ ಇದೆ. 1566ರಲ್ಲಿ ತುರ್ಕಿಯ ಆಟೊಮನ್ ಸುಲ್ತಾನ ಸುಲೇಮಾನ್ ದೊಡ್ಡ ದಂಡು ತಂದು, ಜ್ರಿನ್‌ಸ್ಕಿ ಕಾಯುತ್ತಿದ್ದ ಹಂಗೇರಿಯ ಸಿಗೆಟ್ ಕೋಟೆಗೆ ಮುತ್ತಿಗೆ ಹಾಕಿದ. ಜ್ರಿನ್‌ಸ್ಕಿ ಕೊನೆಗೆ ಬಾಗಿಲು ತೆರೆದು ನುಗ್ಗಿ ಸತ್ತ. ಅದಕ್ಕೆ ಸ್ವಲ್ಪ ಮೊದಲೇ ಸುಲೇಮಾನ್ ಕೂಡ ಡೇರೆಯಲ್ಲಿ ತೀರಿಕೊಂಡಿದ್ದ. ರಕ್ಕಸತಂಗಡಿ 1565. ಒಂದೇ ವರ್ಷದ ಅಂತರ ನೋಡಿ.

ಬಿಸಿಲೂರು

ರೋಮಾಂಚನ ಆಯಿತು ಮೇಷ್ಟ್ರೇ.

ಪದಗಳ ಹಿಂದೆ

ಆಮೇಲಿನದೂ ಹೇಳಿ. ಬಹುಕಾಲ ಮೆಜಿಮೂರ್ಯೆ ಹಂಗೇರಿಯ ಜಾಲಾ ಸೀಮೆಗೆ ಸೇರಿತ್ತು. 1918ರ ಡಿಸೆಂಬರ್ 24ರಂದು ಕ್ರೊಯೇಷಿಯನ್ ಪಡೆಗಳು ಬಂದವು. 1919ರ ಜನವರಿ 9ರಂದು ಚಾಕೋವೆತ್ಸ್‌ನಲ್ಲಿ ಜನ ಸೇರಿ ಹಂಗೇರಿಯಿಂದ ಬೇರೆಯಾಗುವ ನಿರ್ಣಯ ಮಾಡಿದರು. 1941ರಲ್ಲಿ ಹಂಗೇರಿ ಮತ್ತೆ ಹಿಡಿಯಿತು, ಯುದ್ಧ ಮುಗಿಯುವವರೆಗೆ. ಅಷ್ಟೆಲ್ಲ ಆದರೂ ಕಾಯ್ ಮಾತು ಬಿಡಲಿಲ್ಲ. ಅದಕ್ಕೇ ನನಗೆ ಆ ಜನರ ಮೇಲೆ ಪ್ರೀತಿ.

ರೈಲು ಗೆಳೆಯ

ಈ ಮಾತಿಗೆ ಸಂಬಂಧ ಇಲ್ಲ, ಆದರೂ ಹೇಳಲೇಬೇಕು. ಈಗಿನ ಕ್ರೊಯೇಷಿಯಾದ ನೆಲದ ಮೇಲೆ ಮೊದಲ ರೈಲು ಓಡಿದ್ದು ಜಾಗ್ರೆಬ್‌ನಲ್ಲಲ್ಲ, ಈ ಪುಟ್ಟ ಜಿಲ್ಲೆಯಲ್ಲಿ! 1860ರ ಏಪ್ರಿಲ್ 24, ಚಾಕೋವೆತ್ಸ್ ಮೇಲಿಂದ ಕೊಟೊರಿಬಾ ಕಡೆಗೆ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಕಾರಣ ಸರಳ. ಬುಡಾ (ಈಗಿನ ಬುಡಾಪೆಸ್ಟ್‌ನ ಒಂದು ಭಾಗ) ಕಡೆಯಿಂದ ಆಡ್ರಿಯಾಟಿಕ್ ಸಮುದ್ರದ ಬಂದರಿಗೆ ಹೋಗುವ ದಾರಿಗೆ ಈ ಬಯಲು ಸಮತಟ್ಟಾಗಿ ಸಿಕ್ಕಿತು.

ಆ ರೈಲಿನಿಂದಾಗಿಯೇ ಇನ್ನೊಂದು ಘಟನೆ. ದೊನ್ಯಿ ಕ್ರಾಲ್ಯೆವೆತ್ಸ್ ನಿಲ್ದಾಣದಲ್ಲಿ ತಂತಿ ಕೆಲಸಕ್ಕಿದ್ದ ಆಸ್ಟ್ರಿಯನ್ ನೌಕರನಿಗೆ 1861ರ ಫೆಬ್ರುವರಿಯಲ್ಲಿ ಒಂದು ಗಂಡುಮಗು ಹುಟ್ಟಿತು. ಅದೇ ಮುಂದೆ ತತ್ವಚಿಂತಕನಾದ ರುಡಾಲ್ಫ್ ಸ್ಟೈನರ್.

ಕೊಡಗಿನ ಕಾಫಿ

ಸ್ಟೈನರ್ ಶಾಲೆಗಳ ಸ್ಟೈನರ್? ಕೊಂಬಿನ ಗೊಬ್ಬರದ ಸ್ಟೈನರ್? ನಮ್ಮ ತೋಟದಲ್ಲಿ ಹತ್ತು ವರ್ಷದಿಂದ ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಮಣ್ಣಲ್ಲಿ ಹೂತು ಆರು ತಿಂಗಳ ಮೇಲೆ ತೆಗೆಯುತ್ತೇವೆ. ಅದನ್ನು ಹೇಳಿಕೊಟ್ಟವರು ಹುಟ್ಟಿದ್ದು ಈ ಜಿಲ್ಲೆಯಲ್ಲಾ!

ಹಾಸನದ ಆಲೂ

ಆ ಕೊಂಬಿನಿಂದ ಇಳುವರಿ ಜಾಸ್ತಿ ಆಗುತ್ತದೆ ಅನ್ನುವುದಕ್ಕೆ ಸರಿಯಾದ ಪುರಾವೆ ಎಲ್ಲಿದೆ? ಸಗಣಿ ಗೊಬ್ಬರ ಕೊಟ್ಟರೆ ಮಣ್ಣು ಸುಧಾರಿಸುತ್ತದೆ, ಸರಿ. ಕೊಂಬು ಯಾಕೆ?

ಕೊಡಗಿನ ಕಾಫಿ

ಪುರಾವೆ ನನ್ನ ಬಳಿ ಇಲ್ಲ. ನನ್ನ ಮಣ್ಣಲ್ಲಿ ಎರೆಹುಳು ಬಂದಿದೆ. ಅಷ್ಟು ಸಾಕು ನನಗೆ.

ಹಾಸನದ ಆಲೂ

ರಾಸಾಯನಿಕ ಬಿಟ್ಟರೆ ಎರೆಹುಳು ಬಂದೇ ಬರುತ್ತದೆ.

ಭೂಗೋಳ ಮೇಷ್ಟ್ರು

ಇದಕ್ಕೆ ಬೇರೆ ಚರ್ಚೆ ತೆರೆಯಿರಿ ಇಬ್ಬರೂ. ಅಷ್ಟಕ್ಕೂ ಸ್ಟೈನರ್‌ಗೆ ಎರಡು ವರ್ಷ ಆಗುವಷ್ಟರಲ್ಲಿ ಅಪ್ಪನಿಗೆ ವರ್ಗ ಆಗಿ ಆಸ್ಟ್ರಿಯಾಕ್ಕೆ ಹೋದರು. ಆ ಮಣ್ಣಿನ ಮಗ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು.

ಗದಗಿನ ಗಾಳಿ

ಡ್ರಾವಾದಲ್ಲಿ ಚಿನ್ನ ಸಿಗುತ್ತಿತ್ತು ಅಂತ ಎಲ್ಲೋ ಓದಿದ ನೆನಪು. ನಿಜವಾ?

ಡ್ರಾವಾ ದಂಡೆ

ನಿಜ. ಆಲ್ಪ್ಸ್ ಬಂಡೆ ಸವೆದು ಬರುವ ಮರಳಲ್ಲಿ ಹೊಟ್ಟಿನಷ್ಟು ತೆಳ್ಳಗಿನ ಚೂರುಗಳು. ದೊನ್ಯಾ ಡುಬ್ರಾವಾ ಊರಿನವರು ಜಲ್ಲಿ ಮರಳನ್ನು ಓರೆ ಹಲಗೆ ಮೇಲೆ ಹಾಕಿ ನೀರು ಹೊಯ್ದು ಚಿನ್ನ ಹಿಡಿಯುತ್ತಿದ್ದರು. ಅದೇ ಊರಿನ ಇನ್ನೊಂದು ಕಸುಬು ಮರದ ದಿಮ್ಮಿಗಳ ತೆಪ್ಪ ನಡೆಸುವುದು. ಕಟ್ಟೆಗಳು ಬಂದ ಮೇಲೆ ನದಿ ಹೊಸ ಮರಳು ತರುವುದು ಕಡಿಮೆಯಾಯಿತು. ಈಗ ಪ್ರವಾಸಿಗರಿಗೆ ಮಾಡಿ ತೋರಿಸುತ್ತಾರೆ.

ಗದಗಿನ ಗಾಳಿ

ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಇದ್ದರು. ಅವರದೂ ಇದೇ ಕೆಲಸ. ಮಳೆ ಬಂದು ಹೋದ ಮೇಲೆ ಹಳ್ಳದ ಮಣ್ಣು ತೊಳೆದು ಚಿನ್ನ ಹುಡುಕುವುದು. ನಮ್ಮಜ್ಜಿ ಅವರನ್ನು ಕಂಡವರ ಕಥೆ ಹೇಳುತ್ತಿದ್ದಳು. ದಿನವಿಡೀ ಬಾಗಿ ನಿಂತರೆ ಒಂದು ಹೊತ್ತಿನ ಜೋಳಕ್ಕೆ ಆಗುವಷ್ಟು ಸಿಗುತ್ತಿತ್ತಂತೆ. ಅಲ್ಲಿಯವರ ಬೆನ್ನೂ ಹಾಗೇ ನೋಯುತ್ತಿತ್ತೇನೋ.

ಸಂಜೆ ಮಲ್ಲಿಗೆ

ಹಾಡು ಇದೆಯಾ ಅವರಿಗೆ? ಇಷ್ಟೆಲ್ಲ ನದಿ, ದುಡಿಮೆ, ಊರು ಬಿಟ್ಟು ಹೋಗುವುದು ಇರುವ ಕಡೆ ಹಾಡು ಇಲ್ಲದೆ ಇರುವುದಿಲ್ಲ.

ಪದಗಳ ಹಿಂದೆ

ಇದೆ ಮೇಡಂ. 'ಪೊಪೆವ್ಕಾ' ಅನ್ನುತ್ತಾರೆ. ಮೆಜಿಮೂರ್ಯೆಯ ಪೊಪೆವ್ಕಾ 2018ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೆ ಸೇರಿತು. ಹೆಚ್ಚಾಗಿ ಹೆಂಗಸರ ಹಾಡು. ವಾದ್ಯ ಇಲ್ಲದೆ ಒಬ್ಬರೇ ನಿಧಾನವಾಗಿ ಎಳೆದು ಹಾಡುವ ಧಾಟಿ. ಪ್ರೀತಿ, ಅಗಲಿಕೆ, ಮೂರಾ ನದಿ. ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಹೆಂಗಸರ ಪದ ಕೇಳಿದವರಿಗೆ ಆ ದನಿಯ ಭಾರ ಗೊತ್ತಾಗುತ್ತದೆ. ವ್ರಾತಿಶಿನೆತ್ಸ್ ಎಂಬ ಹಳ್ಳಿಯಲ್ಲಿ 1890ರಲ್ಲಿ ಹುಟ್ಟಿದ ವಿಂಕೊ ಜ್ಗಾನೆತ್ಸ್ ಮನೆಮನೆ ಅಲೆದು ಇವನ್ನು ಬರೆದಿಟ್ಟರು. ಹಂಗೇರಿಯ ಆಡಳಿತದಲ್ಲಿ ಭಾಷೆ ಒತ್ತಡದಲ್ಲಿದ್ದ ಕಾಲದಲ್ಲಿ ಅದು ದೊಡ್ಡ ಕೆಲಸ.

ತುಂಗಾತೀರ

ಎಲ್ಲ ಉತ್ತರ ಅಮ್ಮನಿಗೆ ಓದಿ ಹೇಳಿದೆ. ಮೈನಸ್ 35 ಬಿಟ್ಟು. ರಾತ್ರಿ ಪೊಪೆವ್ಕಾ ಹುಡುಕಿ ಮೊಬೈಲಲ್ಲಿ ಹಾಕಿದೆವು. ಅಮ್ಮನಿಗೆ ಒಂದು ಪದ ಅರ್ಥ ಆಗಲಿಲ್ಲ. 'ಯಾರನ್ನೋ ಕಳಿಸಿಕೊಟ್ಟವಳು ಹಾಡುತ್ತಿದ್ದಾಳೆ' ಅಂದರು. ಆಮೇಲೆ ಎದ್ದು ಹೋಗಿ ತಮ್ಮನ ಪೆಟ್ಟಿಗೆಗೆ ಇನ್ನೊಂದು ಡಬ್ಬಿ ಚಟ್ನಿಪುಡಿ ತುಂಬಿದರು.

ಡ್ರಾವಾ ದಂಡೆ ಅಣ್ಣ, ಒಂದು ಕೊನೆಯ ಪ್ರಶ್ನೆ. ಕ್ರೊಯೇಷಿಯಾ ಈಗ ಷೆಂಗೆನ್, ಅಂದರೆ ಒಳಗಡಿ ತೆರೆದಿಟ್ಟ ಯುರೋಪಿನ ದೇಶಗಳ ಗುಂಪಿನ ಒಳಗಿದೆಯಲ್ಲ, ರಜೆಯಲ್ಲಿ ಅವನು ನಿಮ್ಮೂರಿಗೆ ಬರಬಹುದಾ?

ಡ್ರಾವಾ ದಂಡೆ

2023ರ ಜನವರಿ 1ರಿಂದ ಇದೆ. ವಾಸದ ಪರವಾನಗಿ ಕೈಗೆ ಸಿಕ್ಕ ಮೇಲೆ ಸುತ್ತಾಡಲು ಬರಬಹುದು. ಕೆಲಸ ಮಾತ್ರ ಬೇರೆ ದೇಶದಲ್ಲಿ ಮಾಡುವಂತಿಲ್ಲ. ಗಡಿಯಲ್ಲಿ ಸ್ಲೊವೇನಿಯಾ ಪೊಲೀಸರು ಮತ್ತೆ ತಪಾಸಣೆ ಶುರು ಮಾಡಿದ್ದರು, ಹಾಗಾಗಿ ಪಾಸ್‌ಪೋರ್ಟ್, ಪರವಾನಗಿ ಎರಡೂ ಜೇಬಲ್ಲಿ ಇರಲಿ. ವಿಮಾನದ ದಿನ ಗೊತ್ತಾದ ಕೂಡಲೇ ನನಗೆ ಸಂದೇಶ ಕಳಿಸಿ ಅಕ್ಕಾ. ಮೊದಲ ಭಾನುವಾರ ನಾನೇ ಚಾಕೋವೆತ್ಸ್‌ಗೆ ಹೋಗುತ್ತೇನೆ. ಚಟ್ನಿಪುಡಿಯಲ್ಲಿ ನನಗೂ ಸ್ವಲ್ಪ ಇಡಲು ಹೇಳಿ.

ಹಾಸನದ ಆಲೂ

ಬೆಲಿತ್ಸಾದಲ್ಲಿ ಯಾವ ತಳಿ ಹಾಕುತ್ತಾರೆ ಅಂತ ಅವನು ವಿಚಾರಿಸಿದರೆ ಉಪಕಾರ ಆಗುತ್ತದೆ.